ಇಪ್ಪತ್ತೊಂದರಲ್ಲಿ ಹಿಡಿದ ದಾರಿ

1969ರ ನವೆಂಬರ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ ಬ್ರೆಜಿಲ್‌ನ ಯುವಕನೊಬ್ಬ ಕೆಲಸಕ್ಕೆ ಸೇರಿದ. ವಯಸ್ಸು ಇಪ್ಪತ್ತೊಂದು. ಪ್ಯಾರಿಸ್ಸಿನಲ್ಲಿ ತತ್ತ್ವಶಾಸ್ತ್ರ ಓದಿದವನು. ಹಿಂದಿನ ವರ್ಷದ ಮೇ ತಿಂಗಳ ವಿದ್ಯಾರ್ಥಿ ದಂಗೆಯಲ್ಲಿ ತಿಂದ ಲಾಠಿ ಏಟಿನ ಗುರುತು ಬಲಗಣ್ಣಿನ ಮೇಲೆ ಇನ್ನೂ ಇತ್ತು. ಮಿಲಿಟರಿ ಆಡಳಿತ ಅವನ ತಂದೆಯನ್ನು ರಾಜತಾಂತ್ರಿಕ ಹುದ್ದೆಯಿಂದ ಬಲವಂತವಾಗಿ ನಿವೃತ್ತಿ ಮಾಡಿಸಿತ್ತು. ಅವನಿಗೆ ಸಿಕ್ಕಿದ್ದು ಫ್ರೆಂಚ್ ಬರಹಗಳನ್ನು ತಿದ್ದುವ ಸಣ್ಣ ಕೆಲಸ. ಹೆಸರು ಸೆರ್ಜಿಯೋ ವಿಯೇರಾ ದೆ ಮೆಲ್ಲೊ. ಅದೇ ವರ್ಷದ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ನೆನಪಿಗೆ, ನಮ್ಮ ದೇಶದ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶುರುವಾಗಿತ್ತು.

ಈ ಎರಡಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೂ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕೆನಿಸುತ್ತದೆ. ಎನ್‌ಎಸ್‌ಎಸ್ ಶಿಬಿರದಲ್ಲಿ ಹಾರೆ ಹಿಡಿದು ಚರಂಡಿ ತೆಗೆದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಪದವಿ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದಿದೆ: ಯುದ್ಧದಲ್ಲಿ, ಬರದಲ್ಲಿ, ಭೂಕಂಪದಲ್ಲಿ ಮನೆ ಕಳೆದುಕೊಂಡವರ ನಡುವೆ ಕೆಲಸ ಮಾಡಬೇಕು, ಅದಕ್ಕಾಗಿ ಗಡಿ ದಾಟಲೂ ಸಿದ್ಧ, ದಾರಿ ಯಾವುದು? ಕೇಳಿದವರಿಗೆ ವೆಬ್‌ಸೈಟಿನ ವಿಳಾಸ ಬರೆದುಕೊಟ್ಟು ಕಳಿಸಿಬಿಡುವುದು ಸುಲಭ. ಐದೂವರೆ ದಶಕಗಳಲ್ಲಿ ಆ ದಾರಿಯಲ್ಲಿ ನಡೆದವರು ಗಳಿಸಿದ್ದೇನು, ಕಳೆದದ್ದೇನು ಎಂಬ ಜಮೆ ಖರ್ಚನ್ನು ಮುಂದಿಟ್ಟು ಮಾತನಾಡುವುದು ಹಿರಿಯರ ಕರ್ತವ್ಯ. ಇಂಥ ಕನಸು ಹೊತ್ತವರಿಗೆ ಸುಳ್ಳು ಹೇಳಬಾರದು, ಸುಮ್ಮನೆ ಹೆದರಿಸಲೂ ಬಾರದು.

ಲೆಕ್ಕವನ್ನು 1971ರಿಂದ ತೆಗೆಯೋಣ. ಪೂರ್ವ ಪಾಕಿಸ್ತಾನದಿಂದ ಆ ವರ್ಷ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಆ ಒಂದೇ ದುರಂತದ ಸುತ್ತ ಮೂರು ದಾರಿಗಳು ತೆರೆದವು.

ಮೊದಲನೆಯದು ಸೆರ್ಜಿಯೋ ಹಿಡಿದದ್ದು. ತಿದ್ದುಪಡಿಯ ಮೇಜಿನಿಂದ ಎದ್ದು ಅವರು ಹೋದ ಮೊದಲ ಹೊರನಾಡ ಕೆಲಸವೇ ಢಾಕಾ. ಅಲ್ಲಿ ಪುಸ್ತಕದ ತತ್ತ್ವಶಾಸ್ತ್ರ ಕೈಗೆ ಬರಲಿಲ್ಲ. ಹಿಂತಿರುಗುವ ಜನಕ್ಕೆ ಅಕ್ಕಿ ಎಲ್ಲಿಂದ, ಸೂರು ಎಲ್ಲಿಂದ, ಲಾರಿ ಎಷ್ಟು ಎಂಬ ಲೆಕ್ಕವೇ ದಿನದ ಪಾಠವಾಯಿತು. ದೊಡ್ಡ ಸಂಸ್ಥೆಯೊಳಗೆ ಸಣ್ಣ ಕೆಲಸದಿಂದ ಮೇಲೇರುವ ದಾರಿ ಇದು.

ಎರಡನೆಯದು ಸಿಟ್ಟಿನಿಂದ ಹುಟ್ಟಿದ ದಾರಿ. ನೈಜೀರಿಯಾದ ಬಿಯಾಫ್ರಾ ಯುದ್ಧದಲ್ಲಿ ರೆಡ್‌ಕ್ರಾಸ್ ಜೊತೆ ದುಡಿದ ಫ್ರಾನ್ಸಿನ ಯುವ ವೈದ್ಯರಿಗೆ, ಕಣ್ಣೆದುರಿನ ಅನ್ಯಾಯದ ಬಗ್ಗೆ ಬಾಯಿ ಬಿಡಬಾರದೆಂಬ ನಿಯಮ ನುಂಗಲಾಗಲಿಲ್ಲ. ಇತ್ತ 1970ರ ನವೆಂಬರಿನ ಚಂಡಮಾರುತ ಪೂರ್ವ ಪಾಕಿಸ್ತಾನದ ಕರಾವಳಿಯನ್ನು ಗುಡಿಸಿಹಾಕಿದಾಗ, ಅಲ್ಲಿಗೆ ಹೋಗಬಲ್ಲ ವೈದ್ಯರನ್ನು ಒಟ್ಟುಗೂಡಿಸಲು ಪ್ಯಾರಿಸ್ಸಿನ ವೈದ್ಯಕೀಯ ಪತ್ರಿಕೆಯೊಂದು ಮುಂದಾಗಿತ್ತು. ಈ ಎರಡು ಗುಂಪುಗಳು ಸೇರಿ 1971ರ ಡಿಸೆಂಬರ್‌ನಲ್ಲಿ ಕಟ್ಟಿದ್ದೇ ಮೆದಿಸಾಂ ಸಾಂ ಫ್ರಾಂತಿಯೇರ್, ಅಂದರೆ ಗಡಿಗಳಿಲ್ಲದ ವೈದ್ಯರು. ಚಿಕಿತ್ಸೆ ಮಾಡುವುದಷ್ಟೇ ಅಲ್ಲ, ಕಂಡದ್ದನ್ನು ಹೇಳುವುದೂ ವೈದ್ಯನ ಹೊಣೆ ಎಂದು ಅವರು ನಂಬಿದರು.

ಮೂರನೆಯದು ಮನೆಯಂಗಳದಿಂದಲೇ ಹೊರಟ ದಾರಿ. ಕೋಲ್ಕತ್ತದ ವೈದ್ಯ ದಿಲೀಪ್ ಮಹಾಲನಬಿಸ್ ಆಗ ಇನ್ನೂ ಮೂವತ್ತರ ಹರೆಯದವರು. ಗಡಿಯ ಬನಗಾಂವ್ ಆಸ್ಪತ್ರೆಗೆ ಅವರು ಹೋದಾಗ ಕಾಲರಾ ರೋಗಿಗಳು ನೆಲದ ಮೇಲೆ, ತಮ್ಮದೇ ವಾಂತಿಭೇದಿಯ ನಡುವೆ ಬಿದ್ದಿದ್ದರು. ನರಕ್ಕೆ ಏರಿಸುವ ಸಲೈನ್ ಬಾಟಲಿಗಳು ಸಾಲದಾದವು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ, ಈ ಅಳತೆಯಲ್ಲಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕದಡಿಸಿ, ರೋಗಿಗಳ ಅಕ್ಕ ತಂಗಿ ತಾಯಂದಿರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟಿದ್ದ ಸಾವು, ಈ ದ್ರಾವಣ ಕುಡಿದವರಲ್ಲಿ ಶೇ. 3.6ಕ್ಕೆ ಇಳಿಯಿತು. ಪ್ರಯೋಗಾಲಯದಲ್ಲಿ ಗೊತ್ತಿದ್ದ ಸಂಗತಿಯನ್ನು ಸಾವಿರಾರು ಜನರ ನಡುವೆ, ನರ್ಸುಗಳೇ ಇಲ್ಲದ ಜಾಗದಲ್ಲಿ ಮಾಡಿ ತೋರಿಸಿದ ಗಳಿಗೆ ಅದು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಅಫ್ಘಾನಿಸ್ತಾನ, ಈಜಿಪ್ಟ್, ಯೆಮನ್‌ಗಳಿಗೆ ಕರೆದೊಯ್ದಿತು. ಊರಿನ ಪಕ್ಕದಲ್ಲಿ ಮಾಡಿದ ಕೆಲಸವೇ ಅವರಿಗೆ ಪರದೇಶದ ಬಾಗಿಲು ತೆರೆಯಿತು.

ಮೂರೂ ದಾರಿಗಳಿಂದ ಲೋಕಕ್ಕೆ ಒಳಿತಾಗಿದೆ, ಅನುಮಾನವಿಲ್ಲ. ಆದರೆ ಅರ್ಧ ಶತಮಾನದ ನಂತರ ತೂಗಿ ನೋಡಿದರೆ, ಮೊದಲ ಎರಡು ದಾರಿಗಳಲ್ಲಿ ನಡೆದವರು ಬಹಳ ಸುತ್ತಿ, ಬಹಳ ಬೆಲೆ ತೆತ್ತು ಕಲಿತದ್ದನ್ನು ಮೂರನೆಯ ದಾರಿ ಮೊದಲ ದಿನವೇ ಕಲಿಸಿತ್ತು: ನೊಂದವರ ಕೈಗೇ ಲೋಟ ಕೊಡು.

ಸೆರ್ಜಿಯೋ ಅವರ ಬದುಕೇ ಈ ಸುತ್ತು ದಾರಿಯ ಚರಿತ್ರೆ. ಢಾಕಾದ ನಂತರ ದಕ್ಷಿಣ ಸುಡಾನ್, ಸೈಪ್ರಸ್, ಮೊಜಾಂಬಿಕ್, ಪೆರು. 1982ರಲ್ಲಿ ಇಸ್ರೇಲಿನ ಟ್ಯಾಂಕುಗಳು ಲೆಬನಾನ್‌ಗೆ ನುಗ್ಗಿದಾಗ ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯಲ್ಲಿ ರಾಜಕೀಯ ಸಲಹೆಗಾರ. ನೀಲಿ ಬಾವುಟವಿದ್ದ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ ಎಂಬುದು ಆಗ ಕಣ್ಣಿಗೆ ಕಂಡ ಸತ್ಯ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ಲೆಂಡ್ ಗಡಿಯ ಶಿಬಿರಗಳಿಂದ ಸುಮಾರು 3,60,000 ಕಾಂಬೋಡಿಯನ್ನರನ್ನು ಊರಿಗೆ ತಲುಪಿಸುವ ಹೊಣೆ ಅವರ ಹೆಗಲಿಗೆ ಬಿತ್ತು. ಪ್ರತಿ ಕುಟುಂಬಕ್ಕೆ ಎರಡು ಹೆಕ್ಟೇರ್ ಜಮೀನು ಕೊಡುತ್ತೇವೆಂದು ಮೊದಲೇ ಹೇಳಿಯಾಗಿತ್ತು. ನಕ್ಷೆಯಲ್ಲಿ ಕಂಡ ಆ ಜಮೀನಿನಲ್ಲಿ ಬಹುಪಾಲು ಒಂದೋ ಬೇರೆಯವರ ಕೈಯಲ್ಲಿತ್ತು, ಇಲ್ಲವೇ ನೆಲಬಾಂಬುಗಳಿಂದ ತುಂಬಿತ್ತು. ಯೋಜನೆಯನ್ನು ತಿದ್ದಿ, ಜಮೀನು, ಮನೆ ನಿವೇಶನ, ನಗದು, ಇವುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಿ ಎಂದಾಗ ಹೆಚ್ಚಿನವರು ನಗದನ್ನೇ ಕೇಳಿದರು. ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 25. ಆ ಹಣ ಹಿಡಿದು ನೆಂಟರಿಷ್ಟರಿರುವ ಊರಿಗೆ ಹೋದರು. ತಮಗೇನು ಬೇಕೆಂದು ನಿರಾಶ್ರಿತರಿಗೆ ನಕ್ಷೆ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ಇಂದು ಪರಿಹಾರ ಕಾರ್ಯದಲ್ಲಿ ಸಾಮಗ್ರಿಯ ಬದಲು ನಗದು ಕೊಡುವ ಪದ್ಧತಿ ಬೇರೂರಿರುವುದರ ಹಿಂದೆ ಇಂಥ ಅನುಭವಗಳಿವೆ.

ಕರಿ ಪುಟಗಳೂ ಇವೆ. 1996ರ ಕೊನೆಯಲ್ಲಿ ತಾಂಜಾನಿಯಾ ಸರ್ಕಾರ ರುವಾಂಡಾದ ಸುಮಾರು ಐದು ಲಕ್ಷ ನಿರಾಶ್ರಿತರನ್ನು ವರ್ಷಾಂತ್ಯದೊಳಗೆ ಹೊರಡಿ ಎಂದಿತು. ಸೆರ್ಜಿಯೋ ಆಗ ಸಹಾಯಕ ಹೈಕಮಿಷನರ್. ಅವರ ಸಂಸ್ಥೆ ಆ ಆದೇಶದ ಜೊತೆಗೆ ನಿಂತಿತು. ಸೈನಿಕರು ಜನರನ್ನು ಗಡಿಯತ್ತ ಅಟ್ಟಿದರು. ಮನಸ್ಸಿಲ್ಲದವರನ್ನು ಮರಳಿ ಕಳಿಸಬಾರದೆಂಬುದು ಯಾವ ಸಂಸ್ಥೆಯ ಪ್ರಾಣವೋ ಅದೇ ಸಂಸ್ಥೆಯ ಮೇಲೆ ಆ ದೋಷ ಬಂತು, ಇವತ್ತಿಗೂ ಅಳಿದಿಲ್ಲ. 1999ರಲ್ಲಿ ಪೂರ್ವ ಟಿಮೋರ್‌ನ ಆಡಳಿತಾಧಿಕಾರಿಯಾಗಿ ಹೋದಾಗಲೂ, ಆರಂಭದ ತಿಂಗಳುಗಳಲ್ಲಿ ತೀರ್ಮಾನಗಳೆಲ್ಲ ಹೊರಗಿನವರದೇ ಆದವು ಎಂದು ಟಿಮೋರಿನ ನಾಯಕರು ಅಸಮಾಧಾನಗೊಂಡರು. ಆದರೆ ಸೆರ್ಜಿಯೋ ಕೇಳಿಸಿಕೊಂಡರು, ಸಂಪುಟದಲ್ಲಿ ಟಿಮೋರಿನವರಿಗೆ ಪಾಲು ಕೊಟ್ಟರು, 2002ರ ಮೇ 20ರಂದು ಅಧಿಕಾರವನ್ನು ಆ ನೆಲದವರಿಗೇ ಒಪ್ಪಿಸಿ ಹೊರಟರು. ಈ ವೃತ್ತಿಯಲ್ಲಿ ಯಶಸ್ಸಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ: ನಾನಿಲ್ಲದೆಯೂ ಇವರ ಕೆಲಸ ನಡೆಯುವಂತಾಯಿತೇ?

ಮರುವರ್ಷವೇ ಬಾಗ್ದಾದ್. 2003ರ ಆಗಸ್ಟ್ 19ರ ಸಂಜೆ ಕಾಲುವೆ ಪಕ್ಕದ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಗೋಡೆಗೆ ಸ್ಫೋಟಕ ತುಂಬಿದ ಲಾರಿ ಅಪ್ಪಳಿಸಿತು. ಸತ್ತವರು 22 ಮಂದಿ. ಸೆರ್ಜಿಯೋ ಅವಶೇಷದಡಿ ಸಿಲುಕಿ ಗಂಟೆಗಟ್ಟಲೆ ಜೀವ ಹಿಡಿದಿದ್ದರು. ಅವಶೇಷ ತೆಗೆಯಲು ಬೇಕಾದ ಸಲಕರಣೆ ಇರಲಿಲ್ಲ. ಒಳಗಿಳಿದ ಇಬ್ಬರು ಅಮೆರಿಕನ್ ಸೈನಿಕರು ಪರದೆಯ ಹಗ್ಗಕ್ಕೆ ಹೆಣ್ಣುಮಗಳೊಬ್ಬಳ ಕೈಚೀಲ ಕಟ್ಟಿ ಇಟ್ಟಿಗೆ ಚೂರು ಹೊತ್ತು ಹಾಕಿದರು. ಐವತ್ತೈದರ ಸೆರ್ಜಿಯೋ ಉಳಿಯಲಿಲ್ಲ. ಆಗಸ್ಟ್ 19ನ್ನು ವಿಶ್ವ ಮಾನವೀಯ ದಿನವೆಂದು ಆಚರಿಸಲು ವಿಶ್ವಸಂಸ್ಥೆಯ ಮಹಾಸಭೆ 2008ರಲ್ಲಿ ತೀರ್ಮಾನಿಸಿತು.

ಆ ದಿನ ಪ್ರತಿ ವರ್ಷ ಬರುತ್ತದೆ, ಸಾವು ಕಡಿಮೆಯಾಗಿಲ್ಲ. 2024ರಲ್ಲಿ ಕರ್ತವ್ಯದಲ್ಲಿದ್ದಾಗ ಇಲ್ಲವೇ ಸ್ವಂತ ಮನೆಯಲ್ಲೇ ಕೊಲ್ಲಲ್ಪಟ್ಟ ನೆರವು ಕಾರ್ಯಕರ್ತರು 383 ಮಂದಿ ಎಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿದೆ. ಗಾಜಾ ಮತ್ತು ಸುಡಾನ್‌ಗಳದ್ದೇ ದೊಡ್ಡ ಪಾಲು. ಇವರಲ್ಲಿ ಬಹುಪಾಲು ಜನ ವಿಮಾನವೇರಿ ಬಂದವರಲ್ಲ, ಆ ಊರಿನವರೇ. ಸುದ್ದಿಗೆ ಹೆಸರು ಬರುವುದು ಹೊರಗಿನವರದು, ಮಣ್ಣಿಗೆ ಹೋಗುವವರು ಊರಿನವರು. ಈ ತಾರತಮ್ಯವನ್ನು ಹೊಸಬರು ಮೊದಲ ದಿನವೇ ತಿಳಿದಿರಬೇಕು.

ಈ ತಾರತಮ್ಯ ಇಂದು ಹುಟ್ಟಿದ್ದಲ್ಲ. 1859ರ ಜೂನ್‌ನಲ್ಲಿ ವ್ಯಾಪಾರದ ಕೆಲಸಕ್ಕೆ ಹೋಗಿದ್ದ 31ರ ಆನ್ರಿ ದ್ಯುನಾಂ ಸೋಲ್ಫೆರಿನೊ ಯುದ್ಧದ ಗಾಯಾಳುಗಳನ್ನು ಕಂಡು ನಿಂತದ್ದರಿಂದ ರೆಡ್‌ಕ್ರಾಸ್ ಹುಟ್ಟಿತೆಂದು ನಾವು ಶಾಲೆಯಲ್ಲೇ ಓದುತ್ತೇವೆ. ಆದರೆ ಅಲ್ಲಿ ಚರ್ಚಿನ ನೆಲದ ಮೇಲೆ ಬಿದ್ದ ಎರಡೂ ಕಡೆಯ ಸೈನಿಕರಿಗೆ ನೀರು ಕೊಟ್ಟು ಗಾಯ ತೊಳೆದವರು ಕಾಸ್ತಿಲ್ಯೋನೆ ಎಂಬ ಊರಿನ ಹೆಂಗಸರು. ದ್ಯುನಾಂ ಅವರ ದೊಡ್ಡತನವೆಂದರೆ ಆ ಹೆಂಗಸರು ಮಾಡಿದ್ದನ್ನು ಮರೆಯದೆ ಬರೆದದ್ದು, ಅದಕ್ಕೊಂದು ಶಾಶ್ವತ ವ್ಯವಸ್ಥೆ ಬೇಕೆಂದು ಪಟ್ಟು ಹಿಡಿದದ್ದು. ಇಂದಿನ ಸುಡಾನ್‌ನಲ್ಲೂ ಅದೇ. 2023ರ ಏಪ್ರಿಲ್‌ನಲ್ಲಿ ಯುದ್ಧ ಭುಗಿಲೆದ್ದು ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಲುಕಿದಾಗ ನಾವೆಲ್ಲ ಆತಂಕದಿಂದ ಸುದ್ದಿ ನೋಡಿದೆವು. ನಮ್ಮವರು ವಾಪಸಾದರು, ನಮ್ಮ ಗಮನವೂ ವಾಪಸಾಯಿತು. ದೊಡ್ಡ ಸಂಸ್ಥೆಗಳು ಕಚೇರಿ ಖಾಲಿ ಮಾಡಿದ ಊರುಗಳಲ್ಲಿ ಅಲ್ಲಿನ ಯುವಜನರೇ ತುರ್ತು ಸ್ಪಂದನ ಕೊಠಡಿಗಳೆಂಬ ಗುಂಪುಗಳನ್ನು ಕಟ್ಟಿ, ಬೀದಿ ಬೀದಿಯಲ್ಲಿ ಸಾಮೂಹಿಕ ಅಡುಗೆಮನೆ ನಡೆಸಿದರು. 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಜಮೆಯ ಕಡೆ ಬರೆಯಬೇಕಾದ ಇನ್ನೊಂದು ದೊಡ್ಡ ಅಂಶವಿದೆ: ಕೆಲಸಕ್ಕೆ ಬಂದ ಅಚ್ಚುಕಟ್ಟು. 1994ರ ಜುಲೈನಲ್ಲಿ ರುವಾಂಡಾದಿಂದ ಕಾಂಗೋದ ಗೋಮಾಕ್ಕೆ ಬಂದ ನಿರಾಶ್ರಿತರಲ್ಲಿ ಸುಮಾರು 50,000 ಮಂದಿ ಒಂದೇ ತಿಂಗಳಲ್ಲಿ ಸತ್ತರು, ಹೆಚ್ಚಾಗಿ ವಾಂತಿಭೇದಿಯಿಂದ. ನೂರಾರು ಸಂಸ್ಥೆಗಳು ನೆರೆದಿದ್ದವು, ಕರುಣೆಗೆ ಬರವಿರಲಿಲ್ಲ. ಕೊರತೆಯಿದ್ದದ್ದು ತಿಳಿವಳಿಕೆಗೆ ಮತ್ತು ಹೊಂದಾಣಿಕೆಗೆ. ಆ ಪಶ್ಚಾತ್ತಾಪದಿಂದ 1997ರಲ್ಲಿ ಹುಟ್ಟಿದ ಸ್ಫಿಯರ್ ಮಾನದಂಡಗಳು ಹೇಳುವುದು ಬಹಳ ಸರಳ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಒಂದು ನಲ್ಲಿಗೆ 250 ಜನ ಮೀರಬಾರದು, 20 ಜನಕ್ಕೊಂದು ಶೌಚಾಲಯ, ತಲೆಗೆ ಮೂರೂವರೆ ಚದರ ಮೀಟರ್ ಸೂರು. ಕಣ್ಣೀರನ್ನು ಹೀಗೆ ಲೀಟರ್, ಮೀಟರ್‌ಗಳಿಗೆ ಇಳಿಸುವುದು ಕಲ್ಲೆದೆಯ ಕೆಲಸವೆಂದು ಯಾರಿಗಾದರೂ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಶೌಚಾಲಯ ಎಷ್ಟು ದೂರದಲ್ಲಿದೆ, ರಾತ್ರಿ ಅಲ್ಲಿ ದೀಪವಿದೆಯೇ ಎಂದು ಲೆಕ್ಕ ಹಾಕುವವನೇ ಆ ಶಿಬಿರದ ಹೆಣ್ಣುಮಕ್ಕಳ ಮೇಲೆ ನಿಜವಾದ ಅಕ್ಕರೆಯುಳ್ಳವನು.

ಹಾಗಾಗಿ ಈ ದಾರಿಗೆ ಬರುವವರಿಗೆ ಮೊದಲ ಪ್ರಶ್ನೆ: ನಿನ್ನ ಕೈಯಲ್ಲಿ ಯಾವ ಕೆಲಸವಿದೆ? ನರ್ಸ್, ಸೂಲಗಿತ್ತಿಯ ತರಬೇತಿ ಪಡೆದವಳು, ಕೊಳವೆಬಾವಿ ಬಲ್ಲ ಎಂಜಿನಿಯರ್, ಲಾರಿ ಮತ್ತು ಗೋದಾಮು ನಿಭಾಯಿಸುವವನು, ಲೆಕ್ಕಪತ್ರ ಇಡುವವಳು, ಇವರೆಲ್ಲ ಬೇಕು. ಗಡಿಗಳಿಲ್ಲದ ವೈದ್ಯರ ಸಂಸ್ಥೆಯಲ್ಲೂ ವೈದ್ಯರಲ್ಲದವರ ಪಾಲು ದೊಡ್ಡದು. ಕೆಲಸ ಗೊತ್ತಿಲ್ಲದ ಕನಿಕರ ಶಿಬಿರಕ್ಕೆ ಇನ್ನೊಂದು ಹೊರೆ.

ಬಾಗಿಲುಗಳ ವಿಷಯದಲ್ಲಿ ಲೆಕ್ಕ ಖರ್ಚಿನ ಕಡೆಗೇ ವಾಲಿದೆ. ಸೆರ್ಜಿಯೋ ಹೊಕ್ಕಂಥ ಬಾಗಿಲುಗಳಲ್ಲಿ ಬಹಳಷ್ಟು ಬಡವರ ಮಕ್ಕಳಿಗೆ ತೆರೆದೇ ಇಲ್ಲ. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಇಂಟರ್ನ್‌ಗಳಿಗೆ ಸಂಬಳವಿಲ್ಲ. 2015ರಲ್ಲಿ ಜಿನೀವಾದ ಸರೋವರದ ಬಳಿ ಡೇರೆ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದ ಇಂಟರ್ನ್ ಒಬ್ಬನ ಕಥೆ ಜಗತ್ತಿಗೆಲ್ಲ ಗೊತ್ತಾಯಿತು. ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಗಳಿಗೆ ಹಣ ಕೊಡುವುದು ಶ್ರೀಮಂತ ದೇಶಗಳು, ಕಳಿಸುವುದು ಹೆಚ್ಚಾಗಿ ತಮ್ಮವರನ್ನೇ. ನಮ್ಮಂಥವರಿಗೆ ಇರುವುದರಲ್ಲಿ ನ್ಯಾಯವಾದ ದಾರಿಯೆಂದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ. ಇದೂ ಆರಂಭವಾದದ್ದು 1971ರಲ್ಲಿ, ಊಟ ವಸತಿಗೆ ಸಾಲುವ ಭತ್ಯೆ ಕೊಡುತ್ತದೆ. ಇದರ ಮೇಲೆ 2025ರ ಹಣದ ಬರಗಾಲ ಬಂತು. ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಸುಡಾನ್‌ನ ಆ ಅಡುಗೆಮನೆಗಳು ನೂರಾರು ಸಂಖ್ಯೆಯಲ್ಲಿ ಒಲೆ ಆರಿಸಿದವು. ಸೆರ್ಜಿಯೋ ಸೇರಿದ ಅದೇ ನಿರಾಶ್ರಿತರ ಸಂಸ್ಥೆ ಸುಮಾರು 3,500 ಹುದ್ದೆಗಳನ್ನು ರದ್ದುಮಾಡುವುದಾಗಿ ಹೇಳಿತು. 1950ರ ಕೊನೆಯಲ್ಲಿ ಮೂರೇ ವರ್ಷಗಳ ಅವಧಿಗೆಂದು ಹುಟ್ಟಿದ ಸಂಸ್ಥೆ ಅದು. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿ 32 ಲಕ್ಷ. ಕೆಲಸ ಬೆಟ್ಟದಷ್ಟಾಗಿದೆ, ಕೈಗಳನ್ನು ಮನೆಗೆ ಕಳಿಸಲಾಗುತ್ತಿದೆ. ಇದು ಜಗತ್ತಿನ ಸರ್ಕಾರಗಳು ಯುವಜನರಿಗೆ ಮಾಡುತ್ತಿರುವ ಅನ್ಯಾಯ, ನಿರಾಶ್ರಿತರಿಗೆ ಮಾಡುತ್ತಿರುವ ದ್ರೋಹ.

ಹಾಗಾದರೆ ಬಾಗಿಲು ಮುಚ್ಚಿತೇ? ನಮ್ಮ ನೆಲವನ್ನೇ ಒಮ್ಮೆ ನೋಡಿದರೆ ಹಾಗೆ ಅನಿಸುವುದಿಲ್ಲ. 1960ರ ಆಸುಪಾಸಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಸೆಕೆಯಲ್ಲಿ, ಆನೆಗಳ ಕಾಟದ ನಡುವೆ ಜೋಳ ಬೆಳೆಯಲು ಕಲಿತರು. ಟಿಬೆಟನ್ನರಿಗೆ ನೆಲೆ ಕಲ್ಪಿಸುವ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿದ ಮೇಲೆ ಅದು ನಮ್ಮ ಹಳ್ಳಿಗಳಿಗೇ ಹೊರಳಿ, ಎಂಬತ್ತರ ದಶಕದಲ್ಲಿ ಸ್ವಸಹಾಯ ಸಂಘಗಳಿಗೆ ರೂಪ ಕೊಟ್ಟವರಲ್ಲಿ ಮುಂಚೂಣಿಯದಾಯಿತು. ನಿರಾಶ್ರಿತರ ನಡುವಿನ ದುಡಿಮೆಯಿಂದ ಬೆಳೆದ ಸಂಸ್ಥೆ ಕನ್ನಡದ ಹೆಣ್ಣುಮಕ್ಕಳ ಉಳಿತಾಯದ ಪುಸ್ತಕಕ್ಕೆ ದಾರಿಮಾಡಿತು. ಬೆಂಗಳೂರಿನ ನಿಮ್ಹಾನ್ಸ್, ಭೋಪಾಲ ಅನಿಲ ದುರಂತ, ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, ಸುನಾಮಿಗಳಲ್ಲಿ ನೊಂದವರ ಮನಸ್ಸಿಗೆ ಆಸರೆಯಾಗುವ ವಿದ್ಯೆಯನ್ನು ಸಾಮಾನ್ಯ ಕಾರ್ಯಕರ್ತರಿಗೂ ಕಲಿಸುತ್ತ ಬಂದಿದೆ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಗಂಜಿ ಕೇಂದ್ರಗಳಲ್ಲಿ ನಿಂತವರು ನಮ್ಮದೇ ಯುವಜನ. ಹಳೆ ಬಟ್ಟೆಯ ರಾಶಿ ಕೊಳೆಯುತ್ತ ಬಿದ್ದಿರುವಾಗ ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡ್ ಸಿಗದ್ದನ್ನು ಕಂಡವರು, ಪಟ್ಟಿಯಲ್ಲಿ ಹೆಸರಿಲ್ಲದ ಕೂಲಿ ಕುಟುಂಬವನ್ನು ಹುಡುಕಿ ಕರೆತಂದವರು, ಗೋಮಾದ ಪಾಠದ ಅರ್ಧವನ್ನು ಇಲ್ಲೇ ಕಲಿತಿದ್ದಾರೆ.

ಆದ್ದರಿಂದ ದಾರಿ ಕೇಳುವ ತಮ್ಮ ತಂಗಿಯರಿಗೆ ಹೇಳಬೇಕಾದದ್ದು ಇಷ್ಟು. ಒಂದು ಕೆಲಸವನ್ನು ಪೂರ್ತಿ ಕಲಿಯಿರಿ. ಇಂಗ್ಲಿಷಿನ ಜೊತೆಗೆ ಫ್ರೆಂಚ್ ಅಥವಾ ಅರಬ್ಬಿಯನ್ನು ಕಲಿಯಿರಿ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಶಿಬಿರಗಳಲ್ಲಿ ಆ ಭಾಷೆ ಗೊತ್ತಿದ್ದವರು ಮಾತ್ರ ನೊಂದವರ ಮಾತನ್ನು ನೇರವಾಗಿ ಕೇಳಬಲ್ಲರು. ಎರಡು ಮೂರು ವರ್ಷ ನಮ್ಮದೇ ಜಿಲ್ಲೆಗಳ ಕಾಳಜಿ ಕೇಂದ್ರದಲ್ಲೋ, ತಾಲ್ಲೂಕು ಆಸ್ಪತ್ರೆಯಲ್ಲೋ, ರೆಡ್‌ಕ್ರಾಸ್ ಘಟಕದಲ್ಲೋ ದುಡಿಯಿರಿ. ನಿಮ್ಮ ತಂದೆತಾಯಿಗೆ ಅಪಾಯವನ್ನು ಮುಚ್ಚಿಡಬೇಡಿ. ಆಮೇಲೆ ಅರ್ಜಿ ಹಾಕಿ. ಆಯ್ಕೆಯಾಗದಿದ್ದರೆ ನಿಮ್ಮ ಕಲಿಕೆ ವ್ಯರ್ಥವಾಗುವುದಿಲ್ಲ, ಮುಂದಿನ ಮಳೆಗಾಲ ದೂರವಿಲ್ಲ. ಆಯ್ಕೆಯಾದರೆ, ಹೋದ ಊರಿನಲ್ಲಿ ಮೊದಲ ವಾರ ಕಿವಿಯಾಗಿರಿ. ನೀವು ಬರುವ ಮೊದಲೇ ಅಲ್ಲಿ ಒಲೆ ಹಚ್ಚಿದವರು ಯಾರೆಂದು ಕೇಳಿ, ಅವರ ಪಕ್ಕದಲ್ಲಿ ಕೂತುಕೊಳ್ಳಿ.

ಎನ್‌ಎಸ್‌ಎಸ್ ಧ್ಯೇಯವಾಕ್ಯವಾದ ‘ನನಗಲ್ಲ ನಿನಗೆ’ ಎಂಬ ಮಾತನ್ನು ಐವತ್ತು ವರ್ಷಗಳಿಂದ ಓದುತ್ತ ಬಂದಿದ್ದೇವೆ. ಸೆರ್ಜಿಯೋ ಟಿಮೋರ್‌ನಲ್ಲಿ ಕಲಿತ ಪಾಠ, ಬನಗಾಂವ್‌ನ ಆ ಲೋಟದ ಪಾಠ ಅದಕ್ಕೆ ಇನ್ನೊಂದು ಪದ ಸೇರಿಸುತ್ತದೆ: ನಿನ್ನಿಂದಲೇ. ಇವತ್ತು ನಮ್ಮ ಯಾವ ಹಳ್ಳಿಗೆ ಹೋದರೂ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರುತ್ತದೆ. ಭೇದಿಯಿಂದ ಬಸವಳಿದ ಮಗುವಿನ ತಾಯಿಗೆ ಅವಳು ಅದನ್ನು ಕೊಟ್ಟು, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ನೀವೇ ಕುಡಿಸಿ ಎನ್ನುತ್ತಾಳೆ. ನಿರಾಶ್ರಿತರ ಶಿಬಿರವೊಂದರಲ್ಲಿ ಗೆದ್ದುಬಂದ ಆ ಪೊಟ್ಟಣ ಎಷ್ಟು ಗಡಿಗಳನ್ನು ದಾಟಿ ಬಂದಿದೆ ಎಂದು ಅವರಿಬ್ಬರೂ ತಿಳಿದಿರಬೇಕಿಲ್ಲ. ಮಗು ಗುಟುಕರಿಸುತ್ತದೆ. ಈ ದಾರಿಯಲ್ಲಿ ನಡೆದವರ ದುಡಿಮೆಗೆ ಸಲ್ಲಬೇಕಾದ ಜಮೆ ಅದೇ.